ಗೆದ್ದ ಕ್ಲಬ್, ಉಳಿದ ಸೀಸ: ಸಿಮ್ಸ್‌ಬರಿಯ ಮೆಟಕಾನ್ ಪ್ರಕರಣ

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಹಾರ್ಟ್‌ಫರ್ಡ್ ನಗರದ ವಾಯವ್ಯಕ್ಕೆ ಸಿಮ್ಸ್‌ಬರಿ ಎಂಬ ಊರಿದೆ. ಪಕ್ಕದ್ದು ಏವನ್. ಹಾರ್ಟ್‌ಫರ್ಡ್‌ನ ಇನ್ಶೂರೆನ್ಸ್ ಕಂಪನಿಗಳಿಗೆ ಐಟಿ ಕೆಲಸಕ್ಕೆ ಹೋದ ನಮ್ಮವರಿಗೆ ಈ ಎರಡೂ ಹೆಸರು ಗೊತ್ತಿರುತ್ತವೆ. ಈ ಊರುಗಳ ಮಧ್ಯೆ ಫಾರ್ಮಿಂಗ್ಟನ್ ನದಿ ಉತ್ತರದ ಕಡೆಗೆ ಹರಿಯುತ್ತದೆ. ನದಿ ಪಕ್ಕದ ತಗ್ಗು ಬಯಲಿನಲ್ಲಿ ನಾಡ್ ರೋಡ್. ಆ ರಸ್ತೆಯಲ್ಲೇ ಸುಮಾರು 137 ಎಕರೆ ಜಾಗದಲ್ಲಿ ಮೆಟಕಾನ್ ಗನ್ ಕ್ಲಬ್ ಇದೆ. 1960ರ ದಶಕದ ನಡುಭಾಗದಿಂದ ಅಲ್ಲಿ ಸದಸ್ಯರು ಗುಂಡು ಹಾರಿಸುತ್ತಿದ್ದಾರೆ. ಒಂದು ಕಡೆ ನದಿ, ಒಂದು ಕಡೆ ಜೌಗು ನೆಲ, ಇನ್ನೊಂದು ಕಡೆ ಮನೆಗಳು.

2004ರಲ್ಲಿ ಈ ಮನೆಗಳ ಕಡೆಯಿಂದ ಒಂದು ದಾವೆ ಬಂತು. ಸುತ್ತಮುತ್ತಲಿನವರು ಸೇರಿ ಕಟ್ಟಿಕೊಂಡ ಸಿಮ್ಸ್‌ಬರಿ-ಏವನ್ ಪ್ರಿಸರ್ವೇಶನ್ ಸೊಸೈಟಿ ಎಂಬ ಸಂಸ್ಥೆ ಫೆಡರಲ್ ಕೋರ್ಟಿಗೆ ಹೋಯಿತು. ದೂರು ಶಬ್ದದ್ದಲ್ಲ, ಸೀಸದ್ದು. ಗುಂಡಿನಲ್ಲಿರುವ ಸೀಸ ಮಣ್ಣಿಗೆ, ಜೌಗಿಗೆ, ನೀರಿಗೆ ಸೇರುತ್ತಿದೆ. ಕ್ಲಬ್ಬಿಗೆ ಪರ್ಮಿಟ್ ಇಲ್ಲ. ಇದು ಎರಡು ಫೆಡರಲ್ ಕಾನೂನುಗಳ ಉಲ್ಲಂಘನೆ ಎಂದು ಅವರ ವಾದ. ಒಂದು 1972ರ ಕ್ಲೀನ್ ವಾಟರ್ ಆಕ್ಟ್. ಇನ್ನೊಂದು 1976ರ ಘನತ್ಯಾಜ್ಯ ಕಾನೂನು, ಅಲ್ಲಿನ ವಕೀಲರ ಬಾಯಲ್ಲಿ 'ರಿಕ್ರಾ'.

ಕ್ಲಬ್ ಗೆದ್ದಿತು. ಕೆಳಗಿನ ಕೋರ್ಟಿನಲ್ಲೂ ಗೆದ್ದಿತು, 2009ರಲ್ಲಿ ನ್ಯೂಯಾರ್ಕಿನಲ್ಲಿ ಕೂರುವ ಸೆಕೆಂಡ್ ಸರ್ಕ್ಯೂಟ್ ಅಪೀಲು ಕೋರ್ಟಿನಲ್ಲೂ ಗೆದ್ದಿತು. ಹಾಗಿದ್ದರೆ ಈ ಪ್ರಕರಣ ಓದುವುದು ಯಾಕೆ? ಗೆದ್ದದ್ದು ಹೇಗೆ ಎಂದು ನೋಡಿದರೆ ಕ್ಲಬ್ಬಿನ ತಲೆ ಮೇಲಿನ ಸಾಲ ತೀರಿಲ್ಲ, ಮುಂದಕ್ಕೆ ಹೋಗಿದೆ ಅಷ್ಟೇ ಎಂದು ಗೊತ್ತಾಗುತ್ತದೆ. ಗುಂಡು ಹಾರುವಷ್ಟು ದಿನ ಕ್ಲಬ್ ಸೇಫ್. ನಿಂತ ದಿನ ಲೆಕ್ಕವೇ ಬೇರೆ.

ದಿಬ್ಬದೊಳಗೆ ಏನಿದೆ

ಮೆಟಕಾನ್‌ನಲ್ಲಿ ಶೂಟಿಂಗ್ ನಡೆಯುವುದು ಹೀಗೆ. ಸೂರಿನ ಕೆಳಗೆ ಶೂಟರ್‌ಗಳು ಸಾಲಾಗಿ ನಿಲ್ಲುತ್ತಾರೆ. ಎದುರಿಗೆ 100 ಗಜದ ರೇಂಜ್. ಗುರಿಯ ಹಿಂದೆ ಗುಂಡು ತಡೆಯಲೆಂದೇ ಕಟ್ಟಿದ ಮಣ್ಣಿನ ದಿಬ್ಬ. ಗುಂಡು ಹೋಗಿ ದಿಬ್ಬಕ್ಕೆ ಬಡಿದು, ಚೂರಾಗಿ, ಅಲ್ಲೇ ಕೂರುತ್ತದೆ.

ತೂಕದ ಅಂದಾಜು ಸಿಗಲಿ ಅಂತ ಒಂದು ಸಣ್ಣ ಲೆಕ್ಕ ಹಾಕೋಣ. ಇದು ಮೆಟಕಾನ್‌ನ ಲೆಕ್ಕವಲ್ಲ, ಬರೀ ಉದಾಹರಣೆ. 9 ಎಂಎಂ ಪಿಸ್ತೂಲಿನ ಗುಂಡು ಸುಮಾರು 8 ಗ್ರಾಂ. ವಾರಕ್ಕೆ 100 ಜನ ಬಂದು ತಲಾ 100 ಗುಂಡು ಹೊಡೆದರೆ 80 ಕೆಜಿ. ವರ್ಷಕ್ಕೆ ನಾಲ್ಕು ಟನ್‌ಗಿಂತ ಸ್ವಲ್ಪ ಜಾಸ್ತಿ. ನಲವತ್ತು ವರ್ಷ ಇದೇ ನಡೆದರೆ? ಸಣ್ಣ ಊರಿನ ಸಣ್ಣ ಕ್ಲಬ್ಬಿನ ಹಿತ್ತಲಲ್ಲೂ ನೂರು ಟನ್ ದಾಟುವುದು ಕಷ್ಟವಲ್ಲ.

ಸೀಸ ಮಣ್ಣಲ್ಲಿ ಬಿದ್ದ ತಕ್ಷಣ ಕರಗಿ ಹರಿಯುವುದಿಲ್ಲ. ಹಳೆಯ ದಿಬ್ಬದ ಮಣ್ಣನ್ನು ಜರಡಿ ಹಿಡಿದರೆ ಬೂದು ಬಣ್ಣದ ಚೂರುಗಳು ಸಿಗುತ್ತವೆ. ಅವುಗಳ ಮೈಮೇಲೆ ಬಿಳಿ ಪುಡಿಯಂಥ ಪದರ ಕಟ್ಟಿರುತ್ತದೆ. ಗಾಳಿ, ತೇವ, ಕಾರ್ಬನ್ ಡೈಆಕ್ಸೈಡ್ ಸೇರಿ ಸೀಸದ ಹೊರಮೈಯನ್ನು ಕಾರ್ಬೊನೇಟ್ ಮಾಡಿದ ಗುರುತು ಅದು. ಮಣ್ಣು ಹುಳಿಯಾಗಿದ್ದರೆ ಈ ಪದರ ಮಳೆನೀರಲ್ಲಿ ನಿಧಾನಕ್ಕೆ ಕರಗುತ್ತದೆ. ಕನೆಕ್ಟಿಕಟ್ ಸೇರಿರುವ ನ್ಯೂ ಇಂಗ್ಲೆಂಡ್ ಪ್ರದೇಶದ ಮಣ್ಣು ಹುಳಿಯದೇ. ಅದಕ್ಕೇ ಅಮೆರಿಕದ ಪರಿಸರ ಸಂಸ್ಥೆ ಇಪಿಎ ರೇಂಜ್‌ಗಳಿಗೆ ಸುಣ್ಣ ಹಾಕಿ ಮಣ್ಣಿನ ಪಿಎಚ್ 6.5ರಿಂದ 8.5ರ ನಡುವೆ ಇಟ್ಟುಕೊಳ್ಳಿ ಎನ್ನುತ್ತದೆ. ಮೆಟಕಾನ್ ಇರುವುದು ನದಿ ಬಯಲಿನಲ್ಲಿ. ನೀರು ದೂರ ಇಲ್ಲ. ನೆರೆಯವರ ಆತಂಕಕ್ಕೆ ಬುಡವೇ ಇಲ್ಲ ಎನ್ನಲಾಗದು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಅದೇ ನಾಡ್ ರೋಡಿನಲ್ಲಿ ಕನೆಕ್ಟಿಕಟ್ ರಾಜ್ಯ ಪೊಲೀಸರ ಫೈರಿಂಗ್ ರೇಂಜ್ ಕೂಡ ಇದೆ. ನೆರೆ ಬಂದರೆ ಅದಕ್ಕೂ ನೀರು ನುಗ್ಗುತ್ತದೆ. ಅದನ್ನು ಬೇರೆ ಊರಿಗೆ ಸಾಗಿಸಬೇಕೆಂದು ರಾಜ್ಯ ಸರ್ಕಾರ ಜಾಗ ಹುಡುಕಿದಾಗ, ಹೋದ ಹೋದ ಊರಿನಲ್ಲೆಲ್ಲ ಜನ ಬೇಡ ಎಂದರು. ಅಂದರೆ ಆ ಬಯಲಿಗೆ ಸೀಸ ಸುರಿದವರು ಕ್ಲಬ್ಬಿನವರು ಮಾತ್ರ ಅಲ್ಲ. ದಾವೆಯಲ್ಲಿ ನಿಂತದ್ದು ಮಾತ್ರ ಕ್ಲಬ್ ಒಂದೇ.

ಕಟಕಟೆಯಲ್ಲಿ ಎಷ್ಟು ದುಡ್ಡು

ಅಮೆರಿಕದ ಈ ಕಾನೂನುಗಳಲ್ಲಿ 'ನಾಗರಿಕ ದಾವೆ' ಎಂಬ ಅವಕಾಶವಿದೆ. ಸರ್ಕಾರ ಸುಮ್ಮನಿದ್ದರೆ ಸಾಮಾನ್ಯ ಜನರೇ ಕೋರ್ಟಿಗೆ ಹೋಗಬಹುದು. ಮೊದಲೇ ನೋಟಿಸ್ ಕೊಡಬೇಕು. ನೀರಿನ ಕಾನೂನಿಗೆ 60 ದಿನ, ತ್ಯಾಜ್ಯದಿಂದ ಅಪಾಯ ಎಂಬ ದೂರಿಗೆ 90 ದಿನ. ದಂಡ ಬಿದ್ದರೆ ಅದು ನೆರೆಯವರ ಜೇಬಿಗೆ ಹೋಗುವುದಿಲ್ಲ, ಫೆಡರಲ್ ಖಜಾನೆಗೆ ಹೋಗುತ್ತದೆ. ನೆರೆಯವರಿಗೆ ಸಿಗುವುದು ಶುಚಿ ಮಾಡಿಸುವ ಆದೇಶ, ಗೆದ್ದರೆ ವಕೀಲರ ಖರ್ಚು.

ದಂಡ ಎಷ್ಟು? 1997ರಿಂದ 2004ರ ಮಾರ್ಚ್ ತನಕ ನಡೆದ ಉಲ್ಲಂಘನೆಗೆ ನೀರಿನ ಕಾನೂನಿನಲ್ಲಿ ದಿನಕ್ಕೆ ಗರಿಷ್ಠ 27,500 ಡಾಲರ್. ಅದಾದ ಮೇಲೆ 32,500. ಹಿಂದಿನ ಐದು ವರ್ಷದ ತನಕ ಲೆಕ್ಕ ಕೇಳಬಹುದು. ಕ್ಲಬ್ಬೊಂದು ವರ್ಷಕ್ಕೆ 200 ದಿನ ಶೂಟಿಂಗ್ ನಡೆಸುತ್ತದೆ ಎಂದುಕೊಳ್ಳಿ. ಐದು ವರ್ಷಕ್ಕೆ 1,000 ದಿನ. ಹಳೆಯ ದರದಲ್ಲೇ ಗುಣಿಸಿದರೂ 2.75 ಕೋಟಿ ಡಾಲರ್. ಯಾವ ನ್ಯಾಯಾಧೀಶರೂ ಇಷ್ಟು ಹಾಕುವುದಿಲ್ಲ. ತಪ್ಪಿನ ತೂಕ, ಕೊಡುವವರ ತಾಕತ್ತು ಎಲ್ಲ ನೋಡುತ್ತಾರೆ. ಆದರೆ ಸದಸ್ಯರ ಚಂದಾ ಮೇಲೆ ನಡೆಯುವ ಕ್ಲಬ್ಬಿನ ಖಜಾಂಚಿ ಈ ಅಂಕಿ ನೋಡಿದ ರಾತ್ರಿ ನಿದ್ದೆ ಮಾಡುತ್ತಾನಾ?

ಸದಸ್ಯರ ಕ್ಲಬ್ ಎಂಬುದು ವಿಚಿತ್ರ ಜೀವಿ. ಲಾಭ ಮಾಡುವ ಕಂಪನಿ ಅಲ್ಲ, ಗ್ರಾಹಕರ ಮೇಲೆ ಖರ್ಚು ಹೇರಲು ಆಗುವುದಿಲ್ಲ. ಕಾರ್ಪೊರೇಶನ್ ಆಗಿ ನೋಂದಾಯಿಸಿದ್ದರೆ ಸದಸ್ಯರ ಮನೆಮಠ ಸಾಮಾನ್ಯವಾಗಿ ಸೇಫ್. ಆದರೆ ಕ್ಲಬ್ಬಿನ ಹತ್ತಿರ ಇರುವ ದೊಡ್ಡ ಆಸ್ತಿ ಒಂದೇ, ಜಾಗ. ಮಾಲಿನ್ಯ ಇರುವುದೂ ಅದೇ ಜಾಗದಲ್ಲಿ. ಸಾಲಕ್ಕೆ ಅಡ ಇಡಬೇಕಾದ ವಸ್ತುವೇ ಸಾಲದ ಮೂಲ. ಹಣ ಬೇಕೆಂದು ಚಂದಾ ಏರಿಸಿದರೆ ಸದಸ್ಯರು ಬಿಟ್ಟು ಹೋಗುತ್ತಾರೆ, ಉಳಿದವರ ಮೇಲೆ ಹೊರೆ ಇನ್ನೂ ಹೆಚ್ಚುತ್ತದೆ.

ಮೆಟಕಾನ್‌ಗೆ ಮುಂಚೆ: ಲಾರ್ಡ್‌ಶಿಪ್

ಈ ದಾವೆಯ ಹಿಂದೆ ಅದೇ ರಾಜ್ಯದ ಇನ್ನೊಂದು ಕಥೆ ಇದೆ. ಅದು ಗೊತ್ತಿಲ್ಲದೆ ಮೆಟಕಾನ್ ತೀರ್ಪು ಅರ್ಥವಾಗುವುದಿಲ್ಲ.

ಸ್ಟ್ರಾಟ್‌ಫರ್ಡ್ ಊರಿನಲ್ಲಿ, ಹೌಸಟಾನಿಕ್ ನದಿ ಸಮುದ್ರ ಸೇರುವ ಕಡೆ, ಲಾಂಗ್ ಐಲ್ಯಾಂಡ್ ಸೌಂಡ್ ಎಂಬ ಕಡಲ ಚಾಚಿನ ದಂಡೆಯ ಮೇಲೆ ಲಾರ್ಡ್‌ಶಿಪ್ ಗನ್ ಕ್ಲಬ್ ಇತ್ತು. ನಡೆಸುತ್ತಿದ್ದದ್ದು ಬಂದೂಕು ಕಂಪನಿ ರೆಮಿಂಗ್ಟನ್. ಅಲ್ಲಿ ಟ್ರ್ಯಾಪ್ ಮತ್ತು ಸ್ಕೀಟ್. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ರಾಥೋಡ್ ಬೆಳ್ಳಿ ಗೆದ್ದ ಡಬಲ್ ಟ್ರ್ಯಾಪ್ ನೋಡಿದವರಿಗೆ ಈ ಆಟ ಗೊತ್ತು. ಯಂತ್ರ ಒಂದು ತಟ್ಟೆಯನ್ನು ಗಾಳಿಗೆ ಎಸೆಯುತ್ತದೆ, ಶಾಟ್‌ಗನ್ನಿನಿಂದ ಅದನ್ನು ಒಡೆಯಬೇಕು. ಅಮೆರಿಕದ ಕ್ಲಬ್‌ಗಳಲ್ಲಿ ಒಂದು ತೋಟಾದಲ್ಲಿ 32 ಗ್ರಾಂ ತನಕ ಸಣ್ಣ ಸೀಸದ ಕಾಳುಗಳು. 25 ತಟ್ಟೆಯ ಒಂದು ಸುತ್ತು ಮುಗಿಸುವಾಗ ಒಬ್ಬ ಶೂಟರ್ 800 ಗ್ರಾಂ ಸೀಸವನ್ನು ಗಾಳಿಗೆ ಚೆಲ್ಲಿರುತ್ತಾನೆ. ಇಲ್ಲಿ ದಿಬ್ಬ ಇಲ್ಲ. ಎಲ್ಲ ಎದುರಿಗೆ ಚದುರುತ್ತದೆ. ಲಾರ್ಡ್‌ಶಿಪ್‌ನಲ್ಲಿ ಎದುರಿಗೆ ಸಮುದ್ರ.

ಸುಮಾರು 70 ವರ್ಷದಲ್ಲಿ ಅಲ್ಲಿ ಬಿದ್ದದ್ದು ಹತ್ತಿರ ಹತ್ತಿರ 2,400 ಟನ್ ಸೀಸ. ಜೊತೆಗೆ 1.1 ಕೋಟಿ ಪೌಂಡ್ ಒಡೆದ ತಟ್ಟೆ ಚೂರು, ಅಂದರೆ ಸುಮಾರು 5,000 ಟನ್. 1986ರ ಕೊನೆಗೆ ಶೂಟಿಂಗ್ ನಿಂತಿತು. 1987ರಲ್ಲಿ ಕರಾವಳಿ ಮೀನುಗಾರರ ಸಂಘ ದಾವೆ ಹಾಕಿತು.

1993ರಲ್ಲಿ ಸೆಕೆಂಡ್ ಸರ್ಕ್ಯೂಟ್ ಕೊಟ್ಟ ತೀರ್ಪು ಹೀಗಿತ್ತು. ನೀರಿನ ಕಾನೂನಿನ ದೂರು ನಿಲ್ಲುವುದಿಲ್ಲ, ಏಕೆಂದರೆ ಶೂಟಿಂಗ್ ಆಗಲೇ ನಿಂತಿತ್ತು. ಪೂರ್ತಿ ಮುಗಿದುಹೋದ ಉಲ್ಲಂಘನೆಗೆ ನಾಗರಿಕ ದಾವೆ ಇಲ್ಲ ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿತ್ತು. ಆದರೆ ತ್ಯಾಜ್ಯ ಕಾನೂನಿನ ದೂರು ನಿಲ್ಲುತ್ತದೆ. ಉದ್ದೇಶ ಮುಗಿದ ಮೇಲೂ ಎಷ್ಟೋ ವರ್ಷ ಅಲ್ಲೇ ರಾಶಿಬಿದ್ದ ಸೀಸವನ್ನು ಬಿಸಾಡಿದ ವಸ್ತು ಎಂದೇ ನೋಡಬೇಕು. ಹಾಗಾದರೆ ಹಾರಿದ ಗುಂಡು ಎಷ್ಟು ಹೊತ್ತಿಗೆ ಕಸವಾಗುತ್ತದೆ? ಆ ಪ್ರಶ್ನೆಗೆ ಈಗ ಉತ್ತರ ಬೇಕಿಲ್ಲ ಎಂದು ಕೋರ್ಟ್ ಬಿಟ್ಟುಬಿಟ್ಟಿತು. ಮೆಟಕಾನ್ ಜಗಳ ಹುಟ್ಟಿದ್ದು ಈ ಬಿಟ್ಟುಬಿಟ್ಟ ಜಾಗದಲ್ಲಿ.

ಲಾರ್ಡ್‌ಶಿಪ್‌ನ ಹಿಂದೆ ದೊಡ್ಡ ಕಂಪನಿ ಇತ್ತು. ಬಿಲ್ ಕಳಿಸಲು ಒಂದು ವಿಳಾಸ ಇತ್ತು. ಸದಸ್ಯರ ಕ್ಲಬ್ಬಿಗೆ ಆ ಭಾಗ್ಯ ಇಲ್ಲ.

ಇನ್ನೊಂದು ತೀರ್ಪು 1996ರದು, ಅದೇ ಸೌಂಡ್‌ನ ನ್ಯೂಯಾರ್ಕ್ ಕಡೆಯ ದಂಡೆಯಿಂದ. ನ್ಯೂಯಾರ್ಕ್ ಅಥ್ಲೆಟಿಕ್ ಕ್ಲಬ್ ಟ್ರಾವರ್ಸ್ ಐಲ್ಯಾಂಡ್‌ನಲ್ಲಿ ನೀರಿನ ಮೇಲೆ ಟ್ರ್ಯಾಪ್ ಶೂಟಿಂಗ್ ನಡೆಸುತ್ತಿತ್ತು. ಸೀಸ ಬಿಟ್ಟು ಉಕ್ಕಿನ ಕಾಳಿಗೆ ಬದಲಾಗಿತ್ತು ಕೂಡ. ಆದರೂ ಫೆಡರಲ್ ನ್ಯಾಯಾಧೀಶರು ಬಿಡಲಿಲ್ಲ. ತಟ್ಟೆ ಮತ್ತು ಕಾಳುಗಳು ನೀರಿಗೇ ಬೀಳುವಂತೆ ವ್ಯವಸ್ಥಿತವಾಗಿ ಕಟ್ಟಿದ ರೇಂಜ್ ಇದು, ಉಕ್ಕು ಕೂಡ ಮಾಲಿನ್ಯವೇ, ಪರ್ಮಿಟ್ ಬೇಕೇ ಬೇಕು ಎಂದರು.

ಅಂದರೆ ಮೆಟಕಾನ್ ಕೋರ್ಟಿಗೆ ಬರುವ ಹೊತ್ತಿಗೆ ನೆರೆಯವರ ಕೈಯಲ್ಲಿ ಎರಡು ಒಳ್ಳೆಯ ತೀರ್ಪುಗಳಿದ್ದವು. ಕೇಸ್ ಗೆದ್ದೇಬಿಟ್ಟೆವು ಎಂದು ಅವರಿಗೆ ಅನ್ನಿಸಿದ್ದರೆ ತಪ್ಪೇನಲ್ಲ.

ಸೋತದ್ದು ಎಲ್ಲಿ

ಹಾರ್ಟ್‌ಫರ್ಡ್ ಕಡೆಯ ಈ ಕೇಸನ್ನು ಮೊದಲು ಕೇಳಿದವರು ಜಿಲ್ಲಾ ನ್ಯಾಯಾಧೀಶೆ ಜಾನೆಟ್ ಬಾಂಡ್ ಆರ್ಟರ್ಟನ್. ಮೂರು ವಾದಗಳೂ ಒಂದೊಂದಾಗಿ ಬಿದ್ದವು. ಅಪೀಲಿನಲ್ಲೂ ಅದೇ ಆಯಿತು.

ಮೊದಲನೆಯದು ಬೇಗ ಮುಗಿಯಿತು. ಅಪಾಯಕಾರಿ ತ್ಯಾಜ್ಯ ಸುರಿಯಲು ಪರ್ಮಿಟ್ ಬೇಕು, ಕ್ಲಬ್ಬಿಗೆ ಇಲ್ಲ ಎಂಬುದು ವಾದ. ಇಪಿಎ ಬಹಳ ಹಿಂದಿನಿಂದ ಹೇಳುತ್ತಾ ಬಂದದ್ದು ಬೇರೆ. ಗುಂಡು ಒಂದು ಸರಕು. ಹಾರಿ ಹೋಗಿ ನೆಲಕ್ಕೆ ಬೀಳುವುದೇ ಅದರ ಬಳಕೆ. ಹೊಲಕ್ಕೆ ಔಷಧಿ ಹೊಡೆದರೆ ಅದು ತ್ಯಾಜ್ಯ ವಿಲೇವಾರಿ ಆಗುವುದಿಲ್ಲವಲ್ಲ, ಹಾಗೆ. ಇದೇ ನಿಲುವನ್ನು ಇಪಿಎ 2001ರಲ್ಲಿ ರೇಂಜ್‌ಗಳಿಗೆಂದು ಹೊರಡಿಸಿದ ಕೈಪಿಡಿಯಲ್ಲೂ ಬರೆದಿತ್ತು. ಕೋರ್ಟ್ ಅದನ್ನು ಒಪ್ಪಿತು. ನಡೆಯುತ್ತಿರುವ ರೇಂಜ್‌ಗೆ ತ್ಯಾಜ್ಯದ ಪರ್ಮಿಟ್ ಬೇಡ.

ಎರಡನೆಯದು ನಿಜವಾದ ಯುದ್ಧ. ಪರ್ಮಿಟ್ ಮಾತು ಬಿಡಿ, ಈ ಸೀಸದಿಂದ ಜನರ ಆರೋಗ್ಯಕ್ಕೆ ಅಥವಾ ಪರಿಸರಕ್ಕೆ ಸನಿಹದ, ಗಂಭೀರ ಅಪಾಯ ಇದೆ ಎಂದು ನೆರೆಯವರು ವಾದಿಸಿದರು. ಲಾರ್ಡ್‌ಶಿಪ್ ತೀರ್ಪು ತೆರೆದ ಬಾಗಿಲು ಇದೇ. ಇಲ್ಲಿ ಕಾನೂನು ನೆರೆಯವರ ಪರವಾಗಿಯೇ ಇದೆ. ಅಪಾಯ ಈಗಾಗಲೇ ಯಾರಿಗೋ ತಟ್ಟಿರಬೇಕು ಎಂದೇನಿಲ್ಲ, ತಟ್ಟುವ ಸಂಭವ ಹತ್ತಿರದಲ್ಲಿದ್ದರೆ ಸಾಕು.

ಅವರು ಒಬ್ಬ ಪರಿಣತರ ಸಂಸ್ಥೆಯಿಂದ ವರದಿ ತರಿಸಿದ್ದರು. ರೇಂಜ್ ಮಣ್ಣಿನಲ್ಲಿ ಸೀಸ ರಾಜ್ಯದ ಮಿತಿ ಮೀರಿದೆ ಎಂದು ವರದಿ ತೋರಿಸಿತು. ಸರಿ. ಆದರೆ ಮುಂದೆ? ಮನುಷ್ಯರಿಗೂ ಪ್ರಾಣಿಗಳಿಗೂ ಅಪಾಯದ 'ಸಾಧ್ಯತೆ' ಇದೆ ಎಂದು ಅಲ್ಲಿಗೇ ನಿಂತಿತು. ಯಾರು, ಯಾವ ದಾರಿಯಲ್ಲಿ, ಎಷ್ಟು ಸೀಸಕ್ಕೆ ಒಡ್ಡಿಕೊಳ್ಳುತ್ತಾರೆ ಎಂಬ ಲೆಕ್ಕ ಅದರಲ್ಲಿ ಇರಲಿಲ್ಲ. ಮಿತಿ ಮೀರಿದ ಮಣ್ಣು ಇದೆ ಎಂದ ಮಾತ್ರಕ್ಕೆ ಗಂಭೀರ ಅಪಾಯ ಸಾಬೀತಾಗುವುದಿಲ್ಲ ಎಂದು ಕೋರ್ಟ್ ಹೇಳಿತು. ಮಿತಿ ಎನ್ನುವುದು ಎಚ್ಚರಿಕೆಯ ಗೆರೆ. ಅದನ್ನು ದಾಟಿದರೆ ಇನ್ನಷ್ಟು ತನಿಖೆ ಬೇಕು ಎಂದರ್ಥ, ತನಿಖೆ ಮುಗಿಯಿತು ಎಂದಲ್ಲ.

ನನ್ನ ಅಭಿಪ್ರಾಯದಲ್ಲಿ ನೆರೆಯವರು ಸೋತದ್ದು ಇಲ್ಲಿ. ಹಣವನ್ನು ಮಣ್ಣು ಅಳೆಯಲು ಖರ್ಚು ಮಾಡಿದರು, ಮಣ್ಣಿನಿಂದ ಮನುಷ್ಯನ ತನಕದ ದಾರಿ ಅಳೆಯಲು ಖರ್ಚು ಮಾಡಲಿಲ್ಲ. ಲಾರ್ಡ್‌ಶಿಪ್‌ನಲ್ಲಿ ಮಸಲ್ ಚಿಪ್ಪುಜೀವಿಗಳ ಒಡಲಲ್ಲಿ, ಕಪ್ಪು ಬಾತುಗಳ ಮೈಯಲ್ಲಿ ಸೀಸ ಸಿಕ್ಕಿತ್ತು. ಬಾತು ಕೋರ್ಟಿಗೆ ಬಂದು ಸಾಕ್ಷಿ ಹೇಳಿದ ಹಾಗೆಯೇ ಆಯಿತು ಅದು. ಮೆಟಕಾನ್‌ನಲ್ಲಿ ಅಂಥ ಸಾಕ್ಷಿ ಇರಲಿಲ್ಲ.

ಮೂರನೆಯದು ನೀರಿನ ಕಾನೂನು. ಇಲ್ಲಿ ಎಲ್ಲ ನಿಂತಿರುವುದು 'ಪಾಯಿಂಟ್ ಸೋರ್ಸ್' ಎಂಬುದರ ಮೇಲೆ. ಪೈಪು, ಕಾಲುವೆ, ಚರಂಡಿಯಂಥ ಕಣ್ಣಿಗೆ ಕಾಣುವ ಒಂದು ಗೊತ್ತಾದ ದಾರಿಯಿಂದ ಮಾಲಿನ್ಯ ನೀರಿಗೆ ಹೋದರೆ ಮಾತ್ರ ಪರ್ಮಿಟ್ ಬೇಕು. ಮಳೆನೀರು ಬಯಲಿನ ಮೇಲೆ ಹರಡಿ ಹರಿದರೆ ಇದಕ್ಕೆ ಬರುವುದಿಲ್ಲ. ಗುಂಡು ಹಾರಿಸುವ ಸಾಲೇ ಪಾಯಿಂಟ್ ಸೋರ್ಸ್, ಇಲ್ಲದಿದ್ದರೆ ದಿಬ್ಬವಾದರೂ ಹೌದು ಎಂದು ನೆರೆಯವರು ವಾದಿಸಿದರು. ದಿಬ್ಬದ ಮೇಲಿಂದ ಮಳೆನೀರು ಸೀಸ ಹೊತ್ತು ಇಳಿಯುತ್ತದೆ, ಗುಂಡು ಬಡಿದಾಗ ಏಳುವ ಸೀಸದ ಧೂಳು ಗಾಳಿಯಲ್ಲಿ ಜೌಗಿಗೆ ಹೋಗುತ್ತದೆ ಎಂದರು. ಕೋರ್ಟ್ ಒಪ್ಪಲಿಲ್ಲ. ದಿಬ್ಬ ಕಟ್ಟಿದ್ದು ಗುಂಡು ತಡೆಯಲು. ಅದು ನೀರನ್ನು ಕೂಡಿಸಿ ಒಂದು ಕಡೆ ಹರಿಸುವುದಿಲ್ಲ. ಗುಂಡುಗಳು ಬೀಳುವುದು ದಿಬ್ಬಕ್ಕೆ, ನೀರಿಗಲ್ಲ. ಗಾಳಿಗೆ ಹಾರುವ ಧೂಳಿಗೆ ಗೊತ್ತಾದ ದಾರಿ ಎಂಬುದೇ ಇಲ್ಲ.

ಈ ತೀರ್ಪುಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ವಿಚಿತ್ರ ಕಾಣುತ್ತದೆ. ಅಥ್ಲೆಟಿಕ್ ಕ್ಲಬ್ ಶೂಟಿಂಗ್ ನಡೆಸುತ್ತಿದ್ದದ್ದಕ್ಕೆ ಸಿಕ್ಕಿಬಿದ್ದಿತು. ಲಾರ್ಡ್‌ಶಿಪ್ ನಿಲ್ಲಿಸಿ ನೀರಿನ ಕಾನೂನಿನಿಂದ ಪಾರಾಯಿತು, ತ್ಯಾಜ್ಯದ ಕಾನೂನಿಗೆ ಸಿಕ್ಕಿತು. ಮೆಟಕಾನ್ ನಡೆಸುತ್ತಲೇ ಇದ್ದು ಎರಡರಿಂದಲೂ ಪಾರಾಯಿತು. ಎಷ್ಟು ಸೀಸ ಬಿತ್ತು ಎಂಬುದಕ್ಕಿಂತ ಎಲ್ಲಿ ಬಿತ್ತು, ಇನ್ನೂ ಬೀಳುತ್ತಿದೆಯಾ ಎಂಬುದೇ ಮುಖ್ಯವಾಯಿತು.

ಗೆದ್ದ ಮೇಲಿನ ಲೆಕ್ಕ

ತೀರ್ಪಿನ ಮಾರನೆಯ ದಿನ ಕ್ಲಬ್ಬಿನ ಪುಸ್ತಕದಲ್ಲಿ ಏನು ಉಳಿಯಿತು? ಮೊದಲನೆಯದು ವಕೀಲರ ಬಿಲ್. 2004ರಿಂದ 2009ರ ತನಕ ಐದು ವರ್ಷ. ನಾಗರಿಕ ದಾವೆಯಲ್ಲಿ ಸೋತ ನೆರೆಯವರಿಂದ ಖರ್ಚು ವಸೂಲಿ ಮಾಡುವುದು ಸುಲಭವಲ್ಲ. ಬುಡವಿಲ್ಲದ ದಾವೆ ಎಂದು ತೋರಿಸಿದರೆ ಮಾತ್ರ ಸಾಮಾನ್ಯವಾಗಿ ಸಿಗುತ್ತದೆ. ಗೆದ್ದವರೂ ತಮ್ಮ ಬಿಲ್ ತಾವೇ ಕಟ್ಟಬೇಕು.

ಎರಡನೆಯದು, ತೀರ್ಪು ಮುಚ್ಚಿದ್ದು ಫೆಡರಲ್ ಕೋರ್ಟಿನ ಈ ದಾವೆಯನ್ನು ಮಾತ್ರ. ಮಾಲಿನ್ಯದ ಮೂಲ ನಡೆಸುವವರಿಗೆ ಶುಚಿ ಮಾಡಿ ಎಂದು ಆದೇಶ ಕೊಡುವ ಅಧಿಕಾರ ರಾಜ್ಯದ ಪರಿಸರ ಇಲಾಖೆಗೆ ಹಾಗೇ ಇದೆ. ಮಲಿನವಾದ ಜಾಗಗಳನ್ನು ಶುಚಿ ಮಾಡಿಸುವ 1980ರ ಸೂಪರ್‌ಫಂಡ್ ಕಾನೂನು ಇದೆ. ಅಲ್ಲಿ ಜಾಗದ ಮಾಲೀಕ ಎಂಬುದೇ ಹೊಣೆಗೆ ಸಾಕು, ತಪ್ಪು ಮಾಡಿದ್ದಾನಾ ಎಂದು ಯಾರೂ ಕೇಳುವುದಿಲ್ಲ. ಮುಂದೊಂದು ದಿನ ನೆರೆಯವರ ಬಾವಿಯಲ್ಲಿ ಸೀಸ ಸಿಕ್ಕರೆ, ಕುಡಿಯುವ ನೀರಿನ ಸೀಸಕ್ಕೆ ಇಪಿಎ ಇಟ್ಟಿರುವ ಗೆರೆ ದಾಟಿದರೆ, 2004ರಲ್ಲಿ ಇರದಿದ್ದ ಸಾಕ್ಷಿ ಆಗ ಇರುತ್ತದೆ. ಹಳೆಯ ಗೆಲುವು ಹೊಸ ಸಾಕ್ಷಿಯ ಮುಂದೆ ಅಷ್ಟೇನೂ ಗಟ್ಟಿಯಲ್ಲ.

ಇನ್ಶೂರೆನ್ಸ್ ಇಲ್ಲವಾ ಎಂದು ಕೇಳಬಹುದು. ಇನ್ಶೂರೆನ್ಸಿನ ರಾಜಧಾನಿ ಎನಿಸಿಕೊಂಡ ಹಾರ್ಟ್‌ಫರ್ಡ್ ಪಕ್ಕದಲ್ಲೇ ಇದೆ, ಅಲ್ವಾ? ಆದರೆ ಇಲ್ಲಿ ಕಥೆ ಬಹಳ ಒಣ. ಯಾವುದೇ ಒಂದು ಕ್ಲಬ್ಬಿನ ಪಾಲಿಸಿ ನೋಡಿ ಹೇಳುತ್ತಿಲ್ಲ, ಆ ರಾಜ್ಯದಲ್ಲಿ ನಿಯಮ ಹೇಗಿದೆ ಎಂದಷ್ಟೇ ಹೇಳುತ್ತಿದ್ದೇನೆ. 1970ರ ದಶಕದ ಶುರುವಿಗೆ ಮುಂಚಿನ ಸಾಮಾನ್ಯ ಹೊಣೆ ಪಾಲಿಸಿಗಳಲ್ಲಿ ಮಾಲಿನ್ಯ ಬಿಟ್ಟು ಎಂಬ ಷರತ್ತು ಇರುತ್ತಿರಲಿಲ್ಲ. ಆಮೇಲೆ ಬಂದ ಪಾಲಿಸಿಗಳು 'ದಿಢೀರ್ ಮತ್ತು ಆಕಸ್ಮಿಕ' ಮಾಲಿನ್ಯಕ್ಕೆ ಮಾತ್ರ ದುಡ್ಡು ಎಂದವು. 1986ರ ಹೊತ್ತಿಗೆ ಮಾಲಿನ್ಯವನ್ನು ಪೂರ್ತಿ ಹೊರಗಿಟ್ಟ ಷರತ್ತು ಎಲ್ಲ ಕಡೆ ಬಂತು. ದಿಢೀರ್ ಎಂದರೆ ಒಮ್ಮೆಲೇ ಆಗಬೇಕು, ವರ್ಷಗಟ್ಟಲೆ ನಿಧಾನಕ್ಕೆ ಸೋರಿದ್ದು ಅದಕ್ಕೆ ಬರುವುದಿಲ್ಲ ಎಂದು ಕನೆಕ್ಟಿಕಟ್ ಸುಪ್ರೀಂ ಕೋರ್ಟ್ 2002ರಲ್ಲಿ ಬ್ಯೂಯೆಲ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ತೀರ್ಮಾನಿಸಿತು. ವಾರ ವಾರ ಗುಂಡು ಹಾರಿಸಿ ಸೇರಿಸಿದ ಸೀಸ ದಿಢೀರ್ ಹೇಗಾಗುತ್ತದೆ?

ಆದ್ದರಿಂದ 1960ರ ದಶಕದಲ್ಲಿ ಶುರುವಾದ ಯಾವುದೇ ಕ್ಲಬ್ಬಿಗೆ ಕೆಲಸಕ್ಕೆ ಬರುವುದು ಮೊದಲ ಕೆಲವು ವರ್ಷಗಳ ಪಾಲಿಸಿ ಮಾತ್ರ. ಅದೂ ಸಿಕ್ಕರೆ. ಅಂದಿನ ಕಾರ್ಯದರ್ಶಿಯ ಮನೆ ಅಟ್ಟದ ಡಬ್ಬಿಯಲ್ಲಿ ಇದೆಯೋ, ಯಾವತ್ತೋ ಕಸಕ್ಕೆ ಹೋಯಿತೋ. ಸಿಕ್ಕರೂ, ಎಷ್ಟು ವರ್ಷ ತನ್ನ ಪಾಲಿಸಿ ಇತ್ತೋ ಅಷ್ಟರ ಪಾಲನ್ನೇ ಆ ಕಂಪನಿ ಕೊಡುತ್ತದೆ, ಇಡೀ ಬಿಲ್ಲನ್ನಲ್ಲ. ಮೇಲಾಗಿ ಅಂಥ ಪಾಲಿಸಿ ಇರುವುದು ಬೇರೆಯವರಿಗೆ ಆದ ಹಾನಿಗೆ. ಸ್ವಂತ ಜಾಗದ ಮಣ್ಣು ತೆಗೆಸುವ ಖರ್ಚಿಗೆ ಕಂಪನಿಗಳು ಕೈ ಎತ್ತುತ್ತವೆ. ಸೀಸ ಅಂತರ್ಜಲಕ್ಕೆ ಇಳಿದು ಪಕ್ಕದವರ ಕಡೆಗೆ ಹೊರಟಿದೆ ಎಂದು ತೋರಿಸಿದರೆ ಮಾತ್ರ ವಾದಕ್ಕೆ ಜಾಗ ಸಿಗುತ್ತದೆ. ಅಂದರೆ ವಿಮೆ ಹಣ ಬೇಕಿದ್ದರೆ, ಕೋರ್ಟಿನಲ್ಲಿ ಐದು ವರ್ಷ ಅಲ್ಲಗಳೆದದ್ದನ್ನೇ ಕ್ಲಬ್ ತಾನಾಗಿ ಸಾಬೀತು ಮಾಡಬೇಕು. ಇದಕ್ಕಿಂತ ಕೆಟ್ಟ ಇಕ್ಕಟ್ಟು ಇನ್ನೊಂದಿಲ್ಲ.

ಉಳಿದ ದಾರಿ ಇಪಿಎ ಕೈಪಿಡಿಯದೇ. ಅದರಲ್ಲಿ ನಾಲ್ಕು ಕೆಲಸ ಹೇಳಿದೆ: ಗುಂಡು ಒಂದು ಕಡೆಯೇ ಬೀಳುವಂತೆ ನೋಡಿಕೊಳ್ಳುವುದು, ಸೀಸ ಜರುಗದಂತೆ ಸುಣ್ಣ ಹಾಕಿ ಹುಲ್ಲು ಬೆಳೆಸುವುದು, ಆಗಾಗ ಸೀಸ ತೆಗೆದು ಮರುಬಳಕೆಗೆ ಕೊಡುವುದು, ಮಾಡಿದ್ದೆಲ್ಲ ಬರೆದಿಡುವುದು. ಕೈಪಿಡಿಯ ಮಾತು ಕಡ್ಡಾಯವಲ್ಲ. ಆದರೆ ಪಾಲಿಸಿದ ಕ್ಲಬ್ಬಿಗೆ ಕೋರ್ಟಿನಲ್ಲಿ ಹೇಳಲು ಮಾತಿರುತ್ತದೆ. ಈ ನಾಲ್ಕರಲ್ಲಿ ಬರೆದಿಡುವುದನ್ನೇ ಜನ ಕಡೆಗಣಿಸುವುದು. ಯಾವ ವರ್ಷ ಎಷ್ಟು ಕೆಜಿ ತೆಗೆದಿರಿ, ಯಾರಿಗೆ ಕೊಟ್ಟಿರಿ, ರಸೀದಿ ಎಲ್ಲಿ? ದುಡ್ಡಿನ ದೃಷ್ಟಿಯಿಂದ ಮಾತ್ರ ಮೂರನೆಯ ಕೆಲಸವೇ ಎಲ್ಲಕ್ಕಿಂತ ದೊಡ್ಡದು. ಯಾಕೆ ಎಂದರೆ ಅದೇ ದಿಬ್ಬಕ್ಕೆ ಎರಡು ಬೆಲೆ ಇದೆ.

ರೇಂಜ್ ನಡೆಯುತ್ತಿರುವಾಗ ಸೀಸ ತೆಗೆಸಿದರೆ ಅದು ಹಳೆ ಲೋಹ. ಗುತ್ತಿಗೆದಾರ ಬಂದು ಮಣ್ಣು ಜರಡಿ ಹಿಡಿದು, ಸೀಸ ಎತ್ತಿಕೊಂಡು, ಮಣ್ಣು ಅಲ್ಲೇ ಹಾಕಿ ಹೋಗುತ್ತಾನೆ. ಮಾರುಕಟ್ಟೆ ದರ ಚೆನ್ನಾಗಿದ್ದರೆ ಕ್ಲಬ್ಬಿಗೇ ನಾಲ್ಕು ಕಾಸು ಸಿಗುತ್ತದೆ. ಅಪಾಯಕಾರಿ ತ್ಯಾಜ್ಯದ ಕಾಗದಪತ್ರ ಬೇಡ. ರೇಂಜ್ ಮುಚ್ಚಿ, ಜಾಗವನ್ನು ಬಿಲ್ಡರ್‌ಗೋ ಊರಿಗೋ ಕೊಡಲು ಹೊರಟರೆ ಅದೇ ಮಣ್ಣನ್ನು ಲ್ಯಾಬಿಗೆ ಕಳಿಸಬೇಕಾಗುತ್ತದೆ. ಅಲ್ಲಿ ಅದನ್ನು ಆಮ್ಲದ ನೀರಿನಲ್ಲಿ ಅಲ್ಲಾಡಿಸಿ, ಎಷ್ಟು ಸೀಸ ಬಿಡುತ್ತದೆ ಎಂದು ಅಳೆಯುತ್ತಾರೆ. ಲೀಟರಿಗೆ 5 ಮಿಲಿಗ್ರಾಂ ಮುಟ್ಟಿದರೆ ಅದು ಅಪಾಯಕಾರಿ ತ್ಯಾಜ್ಯ. ಸಂಸ್ಕರಿಸಬೇಕು, ಲೈಸೆನ್ಸ್ ಇರುವ ಕಡೆಗೇ ಸಾಗಿಸಬೇಕು, ಟನ್ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು. ಅಷ್ಟು ಹೊತ್ತಿಗೆ ಚಂದಾ ಕೊಡುವ ಸದಸ್ಯರೂ ಇರುವುದಿಲ್ಲ.